ಕಡತದಲ್ಲಿ ಸಿಗದ ಉತ್ತರ: ಸ್ಕಾಟ್ಲೆಂಡ್ ಸರ್ಕಾರ ಲೆಕ್ಕ ಒಪ್ಪಿಸುವ ಬಗೆ

2017ರ ನವೆಂಬರ್‌ನಲ್ಲಿ ಸ್ಕಾಟ್ಲೆಂಡಿನ ಪೋರ್ಟ್ ಗ್ಲಾಸ್ಗೋದಲ್ಲಿ ಗ್ಲೆನ್ ಸ್ಯಾನಕ್ಸ್ ಎಂಬ ಹಡಗನ್ನು ನೀರಿಗಿಳಿಸಿದರು. ಆರನ್ ದ್ವೀಪಕ್ಕೆ ಜನರನ್ನೂ ವಾಹನಗಳನ್ನೂ ಸಾಗಿಸಬೇಕಾದ ಹಡಗು ಅದು. ನಮ್ಮ ಮುಖ್ಯಮಂತ್ರಿಗೆ ಸಮನಾದ ಫಸ್ಟ್ ಮಿನಿಸ್ಟರ್ ನಿಕೋಲಾ ಸ್ಟರ್ಜನ್ ಬಂದಿದ್ದರು. ಆದರೆ ಹಡಗು ಇನ್ನೂ ಅರೆಬರೆಯಾಗಿತ್ತು. ಕಿಟಕಿ ಇರಬೇಕಾದ ಕಡೆ ಸುಮ್ನೆ ಬಣ್ಣ ಬಳಿದಿದ್ದರು.

ಎರಡು ಹಡಗುಗಳಿಗೆ 2015ರಲ್ಲಿ ಆದ ಗುತ್ತಿಗೆ 9.7 ಕೋಟಿ ಪೌಂಡ್. 2018ರಲ್ಲಿ ಕೈಗೆ ಬರಬೇಕಿತ್ತು. ಬರಲಿಲ್ಲ. ಖರ್ಚು ಏರುತ್ತಾ ನಾಲ್ಕು ಪಟ್ಟು ದಾಟಿತು. ಕಟ್ಟುತ್ತಿದ್ದ ಕಂಪನಿ ದಿವಾಳಿಯಾಗಿ, 2019ರ ಕೊನೆಗೆ ಸರ್ಕಾರವೇ ಅದನ್ನು ವಹಿಸಿಕೊಂಡಿತು. ಇದಕ್ಕೆಲ್ಲ ಒಪ್ಪಿಗೆ ಕೊಟ್ಟವರು ಯಾರು, ಯಾಕೆ ಕೊಟ್ಟರು? ಕೇಳುವ ಅಧಿಕಾರ ಎಡಿನ್‌ಬರೋದಲ್ಲಿ ಸೇರುವ ಸ್ಕಾಟ್ಲೆಂಡ್ ಪಾರ್ಲಿಮೆಂಟಿನ ಶಾಸಕರಿಗಿತ್ತು. ಆ ಅಧಿಕಾರ ಸುಲಭಕ್ಕೆ ಬಂದದ್ದಲ್ಲ.

1885ರಿಂದ ಸ್ಕಾಟ್ಲೆಂಡಿನ ಆಡಳಿತಕ್ಕೆ ಲಂಡನ್ ಸರ್ಕಾರದಲ್ಲಿ ಒಬ್ಬ ಮಂತ್ರಿ ಇದ್ದರು. ಅವರು ಲೆಕ್ಕ ಒಪ್ಪಿಸುತ್ತಿದ್ದದ್ದು ಇಡೀ ಬ್ರಿಟನ್ನಿನ ಸಂಸತ್ತಿಗೆ. ಅಲ್ಲಿ ಸ್ಕಾಟ್ಲೆಂಡಿನ ಸದಸ್ಯರು ಸಣ್ಣ ಗುಂಪು. ಇದರ ಕಹಿ ಜಾಸ್ತಿ ತಟ್ಟಿದ್ದು 1989ರಲ್ಲಿ. ತಲೆಗಿಷ್ಟು ಎಂದು ವಸೂಲು ಮಾಡುವ ಪೋಲ್ ಟ್ಯಾಕ್ಸ್ ಇಂಗ್ಲೆಂಡಿಗಿಂತ ಒಂದು ವರ್ಷ ಮೊದಲೇ ಸ್ಕಾಟ್ಲೆಂಡಿಗೆ ಬಂತು. ಅಲ್ಲಿಯ ಬಹುಪಾಲು ಜನ ಆ ಸರ್ಕಾರಕ್ಕೆ ಮತವನ್ನೇ ಹಾಕಿರಲಿಲ್ಲ.

ಅದಕ್ಕೆ ಹತ್ತು ವರ್ಷ ಮೊದಲು, 1979ರಲ್ಲಿ, ಸ್ವಂತ ಶಾಸನಸಭೆ ಬೇಕೇ ಎಂದು ಜನರನ್ನು ಕೇಳಿದ್ದರು. ಮತ ಹಾಕಿದವರಲ್ಲಿ ಶೇ 51.6ರಷ್ಟು ಜನ ಬೇಕು ಅಂದರು. ಆದರೂ ಸಿಗಲಿಲ್ಲ. ಒಟ್ಟು ಮತದಾರರಲ್ಲಿ ಶೇ 40 ಮಂದಿ ಒಪ್ಪಬೇಕು ಎಂಬ ಷರತ್ತು ಅಡ್ಡ ಬಂತು. 1997ರಲ್ಲಿ ಮತ್ತೆ ಕೇಳಿದಾಗ ಶೇ 74.3 ಮಂದಿ ಹೌದು ಅಂದರು. 1999ರಲ್ಲಿ 129 ಸದಸ್ಯರ ಪಾರ್ಲಿಮೆಂಟು ಶುರುವಾಯಿತು.

ಸಭೆ ಹೇಗೆ ನಡೆಯಬೇಕು ಎಂದು ಮೊದಲೇ ಒಂದು ಸಮಿತಿ ಕೂತು ಯೋಚಿಸಿತ್ತು. ಹೆನ್ರಿ ಮೆಕ್‌ಲೀಶ್ ಅದರ ಅಧ್ಯಕ್ಷರು. ಸರ್ಕಾರ ಸದನಕ್ಕೆ, ಸದನ ಮತ್ತು ಸರ್ಕಾರ ಎರಡೂ ಜನರಿಗೆ ಲೆಕ್ಕ ಒಪ್ಪಿಸಬೇಕು ಎಂದು 1998ರ ಕೊನೆಗೆ ಅದು ಬರೆದುಕೊಟ್ಟಿತು. ಅಲ್ಲಿ ನಮ್ಮ ವಿಧಾನ ಪರಿಷತ್ತಿನಂಥ ಮೇಲ್ಮನೆ ಇಲ್ಲ. ಹಾಗಾಗಿ ಸಮಿತಿಗಳ ಮೇಲೆ ಭಾರ ಹಾಕಿದರು. ಮಸೂದೆಯನ್ನು ಸಾಲುಸಾಲಾಗಿ ನೋಡುವುದು, ಮಂತ್ರಿಯನ್ನು ಕರೆಸಿ ಪ್ರಶ್ನಿಸುವುದು, ಎರಡೂ ಒಂದೇ ಸಮಿತಿಯ ಕೆಲಸ. ಗುರುವಾರ ಮಧ್ಯಾಹ್ನ ಫಸ್ಟ್ ಮಿನಿಸ್ಟರಿಗೆ ಪ್ರಶ್ನೆ ಕೇಳುವ ಹೊತ್ತು ಟಿವಿಯಲ್ಲಿ ಜೋರಾಗಿ ಕಾಣುತ್ತದೆ, ನಿಜ. ಆದರೆ ಅಸಲಿ ವಿಚಾರಣೆ ಸಮಿತಿ ಕೋಣೆಯಲ್ಲೇ ಆಗುತ್ತದೆ ಎಂದು ನನಗನಿಸುತ್ತದೆ.

ಈ ಏರ್ಪಾಡಿನ ಹಿಂದೆ ಒಂದು ಲೆಕ್ಕಾಚಾರವಿತ್ತು. ಅಲ್ಲಿನ ಚುನಾವಣಾ ಪದ್ಧತಿಯಲ್ಲಿ ಒಂದೇ ಪಕ್ಷಕ್ಕೆ ಬಹುಮತ ಸಿಗುವುದು ಕಷ್ಟ ಅಂದುಕೊಂಡಿದ್ದರು. ಆದರೆ 2011ರಲ್ಲಿ ಸ್ಕಾಟಿಷ್ ನ್ಯಾಷನಲ್ ಪಾರ್ಟಿ 69 ಸ್ಥಾನ ಗೆದ್ದು ಒಂದೇ ಪಕ್ಷವಾಗಿ ಬಹುಮತ ಪಡೆಯಿತು. ಸಮಿತಿಗಳಲ್ಲೂ ಆಳುವ ಪಕ್ಷದವರೇ ಹೆಚ್ಚಾದರು. ತಮ್ಮದೇ ಮಂತ್ರಿಗೆ ಯಾರು ಖಾರವಾಗಿ ಪ್ರಶ್ನೆ ಕೇಳುತ್ತಾರೆ, ಅಲ್ವಾ? ಈ ದೂರು ಬಹಳ ಕಾಲ ಉಳಿಯಿತು.

ಹಡಗಿನ ವಿಷಯದಲ್ಲಿ ತೊಡಕು ಬೇರೆ. ಪ್ರಶ್ನೆ ಕೇಳುವವರಿದ್ದರು. ಕಟ್ಟುವವರು ಕೈಕೊಟ್ಟರೆ ಪೂರ್ತಿ ಹಣ ವಾಪಸ್ ಬರುವ ಖಾತರಿ ಗುತ್ತಿಗೆಯಲ್ಲಿ ಇರಲಿಲ್ಲ. ಅಪಾಯವಿದೆ ಎಂದು ಹಡಗು ಕೊಳ್ಳುವ ಸರ್ಕಾರಿ ಸಂಸ್ಥೆ ಎಚ್ಚರಿಸಿತ್ತು. ಆದರೂ ಮಂತ್ರಿಗಳು ಮುಂದುವರಿದರು. ಯಾಕೆ ಎಂದು ತಿಳಿಸುವ ಸಾಕಷ್ಟು ದಾಖಲೆ ಸಿಗಲಿಲ್ಲ ಎಂದು 2022ರ ಮಾರ್ಚ್‌ನಲ್ಲಿ ಆಡಿಟರ್ ಜನರಲ್ ವರದಿ ಕೊಟ್ಟರು. ಮೇ ತಿಂಗಳಲ್ಲಿ ಒಂದು ಇಮೇಲ್ ಹೊರಬಂತು. ಆಗಿನ ಸಾರಿಗೆ ಮಂತ್ರಿ ಒಪ್ಪಿದ್ದರು ಎಂಬುದು ಅದರಿಂದ ತಿಳಿಯಿತು. ಯಾರು ಎಂಬುದಕ್ಕೆ ಅಷ್ಟಾದರೂ ಉತ್ತರ ಸಿಕ್ಕಿತು. ಯಾಕೆ ಎಂಬುದು ಮಾತ್ರ ಕಾಗದದ ಮೇಲೆ ಇರಲೇ ಇಲ್ಲ.

ವಿರೋಧ ಪಕ್ಷದವರು ಅಧ್ಯಕ್ಷರಾಗಿದ್ದ ಲೆಕ್ಕಪತ್ರ ಸಮಿತಿ ಆ ವರ್ಷ ಮಾಜಿ ಮಂತ್ರಿಯನ್ನೂ, ನವೆಂಬರ್‌ನಲ್ಲಿ ಸ್ಟರ್ಜನ್ ಅವರನ್ನೂ ಕೂರಿಸಿ ಕೇಳಿತು. 2023ರ ಮಾರ್ಚ್‌ನಲ್ಲಿ ಬಂದ ಅದರ ವರದಿ ದಾಖಲೆ ಇಡುವ ರೀತಿಯನ್ನೇ ಟೀಕಿಸಿತು.

ಗ್ಲೆನ್ ಸ್ಯಾನಕ್ಸ್ ಪ್ರಯಾಣಿಕರನ್ನು ಹತ್ತಿಸಿಕೊಂಡು ಆರನ್‌ಗೆ ಹೊರಟಿದ್ದು 2025ರ ಜನವರಿಯಲ್ಲಿ. ಜೊತೆಯ ಹಡಗು ಗ್ಲೆನ್ ರೋಸಾ ಆಗಲೂ ಯಾರ್ಡಿನಲ್ಲೇ ಇತ್ತು.