ಕುದುರೆಯ ಮೂಳೆ ಶಸ್ತ್ರಚಿಕಿತ್ಸೆ ಮತ್ತು ಅನಿಲ ಅರಿವಳಿಕೆ

ಮುರಿದ ಕಾಲಿಗೆ ಪ್ಲೇಟು, ಸ್ಕ್ರೂ ಹಾಕಿಸಲು ಕುದುರೆಯನ್ನು ಕರೆತಂದವರು ಹೆಚ್ಚಾಗಿ ವಿಚಾರಿಸುವುದು ಶಸ್ತ್ರಚಿಕಿತ್ಸಕರ ಅನುಭವವನ್ನು. ಅರಿವಳಿಕೆ ನೀಡುವ ನನಗೆ ಇರುವ ಚಿಂತೆ ಬೇರೆ: 500 ಕಿಲೋ ತೂಗುವ ಈ ಪ್ರಾಣಿ ಎರಡು ಮೂರು ಗಂಟೆ ಮಲಗಿದ್ದು, ಆಮೇಲೆ ಅದೇ ಕಾಲನ್ನೂರಿ ಎದ್ದು ನಿಲ್ಲಬೇಕು. 2002ರಲ್ಲಿ ಪ್ರಕಟವಾದ, 40,000ಕ್ಕೂ ಹೆಚ್ಚು ಕುದುರೆಗಳನ್ನು ಒಳಗೊಂಡ ಅಧ್ಯಯನವೊಂದರಲ್ಲಿ, ಹೊಟ್ಟೆನೋವಿನ ಪ್ರಕರಣಗಳನ್ನು ಬಿಟ್ಟು ಲೆಕ್ಕ ಹಾಕಿದಾಗಲೂ ಅರಿವಳಿಕೆಯ ನಂತರದ 7 ದಿನಗಳಲ್ಲಿ ಸತ್ತವು ಶೇ 0.9ರಷ್ಟಿದ್ದವು, ಮೂಳೆ ಮುರಿತದ ಕುದುರೆಗಳಲ್ಲಿ ಅಪಾಯ ಇನ್ನೂ ಹೆಚ್ಚು.

ದೊಡ್ಡ ಕುದುರೆಯನ್ನು ಅನಿಲದಿಂದಲೇ ಮಲಗಿಸುವುದಿಲ್ಲ. ಹಲ್ಲಿನ ಸಂದಿಯ ಹುಲ್ಲು ಶ್ವಾಸನಾಳಕ್ಕೆ ಇಳಿಯದಂತೆ ಬಾಯಿ ತೊಳೆದು, ಮಂಪರು ತರಿಸುವ ಝೈಲಜೀನ್ ಕೊಟ್ಟು, ಮಂಪರಿನಲ್ಲಿ ತಲೆ ಮೊಣಕಾಲಿನ ಮಟ್ಟಕ್ಕೆ ತಗ್ಗಿದ ಮೇಲೆ ಪ್ರಜ್ಞೆ ತಪ್ಪಿಸುವ ಕೀಟಮಿನ್, ಸ್ನಾಯು ಸಡಿಲಿಸುವ ಡಯಾಜೆಪಾಮ್ ಚುಚ್ಚಿ ಮಲಗಿಸುತ್ತೇವೆ. ನಂತರ ಸುಮಾರು 26 ಮಿ.ಮೀ. ಒಳವ್ಯಾಸದ ನಳಿಕೆಯನ್ನು, ಗಂಟಲು ಕಣ್ಣಿಗೆ ಕಾಣದಿದ್ದರೂ ಕೈಯಂದಾಜಿನಲ್ಲೇ ಇಳಿಸಿ, ಆಮ್ಲಜನಕದ ಜೊತೆ ಐಸೋಫ್ಲೂರೇನ್ ಅಥವಾ ಸೀವೋಫ್ಲೂರೇನ್ ಹರಿಸುತ್ತೇವೆ.

ನೋವಿನ ಪ್ರಚೋದನೆಗೆ ಅರ್ಧದಷ್ಟು ಕುದುರೆಗಳು ಮಿಸುಕದಂತೆ ಮಾಡಲು ಉಸಿರಿನ ಅನಿಲದಲ್ಲಿ ಐಸೋಫ್ಲೂರೇನ್ ಸುಮಾರು ಶೇ 1.3, ಸೀವೋಫ್ಲೂರೇನ್ ಸುಮಾರು ಶೇ 2.3 ಬೇಕು. ಆದರೆ ಅನಿಲ ಹೆಚ್ಚಿದಂತೆ ಹೃದಯದ ಬಡಿತದ ಬಲ ಕುಗ್ಗುತ್ತದೆ, ರಕ್ತನಾಳಗಳು ಹಿಗ್ಗುತ್ತವೆ, ರಕ್ತದೊತ್ತಡ ಇಳಿಯುತ್ತದೆ. ಆಗ ದೇಹದ ಭಾರಕ್ಕೆ ಸಿಕ್ಕಿ ಅದುಮಿಹೋಗಿರುವ ಸ್ನಾಯುಗಳಿಗೆ ರಕ್ತ ಸಾಲದೆ ಅವು ಗಟ್ಟಿಯಾಗುತ್ತವೆ, ಎಚ್ಚರವಾದ ಕುದುರೆ ಕಾಲೂರಲಾರದೆ ಒದ್ದಾಡುತ್ತದೆ. ಆದ್ದರಿಂದಲೇ ಮುಖದ ಅಪಧಮನಿಯೊಳಗೆ ತೂರಿಸಿದ ಸಣ್ಣ ನಳಿಕೆಯ ಮೂಲಕ ಸರಾಸರಿ ಒತ್ತಡವನ್ನು ಸತತವಾಗಿ ಅಳೆಯುತ್ತ, ಅದು 70 ಮಿ.ಮೀ. ಪಾದರಸಕ್ಕಿಂತ ಕೆಳಗಿಳಿಯದಂತೆ ಹೃದಯದ ಬಡಿತಕ್ಕೆ ಬಲ ಕೊಡುವ ಡೊಬುಟಮಿನ್ ಔಷಧವನ್ನು ರಕ್ತನಾಳಕ್ಕೆ ಹನಿಸುತ್ತೇವೆ. ದಪ್ಪ ಮೆತ್ತೆ ಹಾಸಿ, ಕೆಳಗಿನ ಮುಂಗಾಲನ್ನು ಮುಂದಕ್ಕೆ ಎಳೆದಿಟ್ಟು, ಮುಖದ ನರ ಒತ್ತದಂತೆ ತಲೆಗೆ ಕಟ್ಟಿದ ಪಟ್ಟಿಯನ್ನು (ಹಾಲ್ಟರ್) ಬಿಚ್ಚುವುದನ್ನು ನಾನು ಸ್ವತಃ ನೋಡಿಕೊಳ್ಳುತ್ತೇನೆ. ಇವು ಔಷಧಗಳಷ್ಟೇ ಮುಖ್ಯ.

ಶಸ್ತ್ರಚಿಕಿತ್ಸೆಯುದ್ದಕ್ಕೂ ಕಣ್ಣನ್ನು ಗಮನಿಸುತ್ತಿರುತ್ತೇನೆ: ಗುಡ್ಡೆ ಅತ್ತಿತ್ತ ಓಡತೊಡಗಿ ನೀರು ಜಿನುಗಿದರೆ ಕುದುರೆ ಎಚ್ಚರದ ಕಡೆಗೆ ಬರುತ್ತಿದೆ ಎಂದರ್ಥ. ಹಾಗಾದಾಗಲೆಲ್ಲ ಅನಿಲವನ್ನು ಏರಿಸುವುದಕ್ಕಿಂತ, ಮೊದಲೇ ಕಾಲಿನ ನರಗಳಿಗೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಅನಿಲದ ಅಗತ್ಯವನ್ನೇ ತಗ್ಗಿಸುವುದು ಉತ್ತಮವೆಂಬುದು ನನ್ನ ಖಚಿತ ಅಭಿಪ್ರಾಯ.

ಅನಿಲ ನಿಲ್ಲಿಸಿದ ಮೇಲಿನ ಅವಧಿಯೇ ಅತ್ಯಂತ ಆತಂಕದ್ದು. ತೂರಾಡುತ್ತಲೇ ಏಳಲು ಹೊರಟ ಕುದುರೆ ಜೋಡಿಸಿದ ಮೂಳೆಯನ್ನು ಮತ್ತೆ ಮುರಿದುಕೊಳ್ಳಬಹುದು. ಆದ್ದರಿಂದ ಗೋಡೆಗೆಲ್ಲ ಮೆತ್ತೆ ಹೊದಿಸಿದ ಕೋಣೆಯಲ್ಲಿ ಬೆಳಕು, ಸದ್ದು ತಗ್ಗಿಸಿ, ಅನಿಲ ಉಸಿರಿನೊಂದಿಗೆ ಹೊರಹೋಗುವವರೆಗೆ ಅದು ಮಲಗಿರಲೆಂದು ಅಲ್ಪ ಪ್ರಮಾಣದ ಝೈಲಜೀನ್ ಕೊಡುತ್ತೇವೆ. ತಲೆಗೊಂದು, ಬಾಲಕ್ಕೊಂದು ಹಗ್ಗ ಕಟ್ಟಿರುತ್ತದೆ. ಆ ಹಗ್ಗ ಕುದುರೆಯನ್ನು ಎತ್ತುವುದಕ್ಕಲ್ಲ, ಅದು ತಾನಾಗಿ ಎದ್ದಾಗ ಪಕ್ಕಕ್ಕೆ ವಾಲದಂತೆ ಹಿಡಿಯುವುದಕ್ಕೆ.