ಛಾಪಾ ಕಾಗದಕ್ಕೆ ಸಹಿ ಹಾಕಿಸಿದ ಸಂತ

ಡಾನ್ ಬೋಸ್ಕೊ ಅಂದರೆ ನಮ್ಮಲ್ಲಿ ಜಾಸ್ತಿ ಜನಕ್ಕೆ ನೆನಪಾಗುವುದು ಶಾಲೆಯ ಬೋರ್ಡು. ಆ ಹೆಸರಿನ ಪಾದ್ರಿಯ ಕೆಲಸ ಶುರುವಾದದ್ದು ಮಾತ್ರ ಜೈಲಿನಲ್ಲಿ.

ಜಾನ್ ಬೋಸ್ಕೊ ಹುಟ್ಟಿದ್ದು 1815ರಲ್ಲಿ, ಇಂದಿನ ಇಟಲಿಯ ಪೀಡ್‌ಮಾಂಟ್ ಸೀಮೆಯ ಬೆಕ್ಕಿ ಎಂಬ ಹಳ್ಳಿಯಲ್ಲಿ. ಎರಡು ವರ್ಷಕ್ಕೇ ತಂದೆ ತೀರಿಕೊಂಡರು. ಹುಡುಗ ಬೇರೆಯವರ ಹೊಲಮನೆಯಲ್ಲಿ ಆಳಾಗಿ ದುಡಿದ. 1841ರಲ್ಲಿ ಟ್ಯೂರಿನ್‌ನಲ್ಲಿ ಗುರುದೀಕ್ಷೆ ಪಡೆದ. ಹಿರಿಯ ಗುರು ಜೋಸೆಫ್ ಕಫಾಸ್ಸೊ ಈ ಹೊಸ ಪಾದ್ರಿಯನ್ನು ಜೈಲುಗಳಿಗೆ ಕರೆದೊಯ್ದರು. ಒಳಗೆ ಹನ್ನೆರಡು, ಹದಿನೈದು ವರ್ಷದ ಹುಡುಗರು. ಬಿಡುಗಡೆಯಾದವರು ಮತ್ತೆ ಅಲ್ಲಿಗೇ ಬರುತ್ತಿದ್ದರು. ಹೊರಗೆ ಅವರನ್ನು ಕೇಳುವವರೇ ಇರಲಿಲ್ಲವಲ್ಲ!

ಟ್ಯೂರಿನ್ ಬೆಳೆಯುತ್ತಿದ್ದ ಕಾಲ ಅದು. ಗಾರೆ ಕೆಲಸಕ್ಕೆಂದು ಹಳ್ಳಿಯ ಹುಡುಗರು ಬರುತ್ತಿದ್ದರು. ಅಂಥವರನ್ನು ಬೋಸ್ಕೊ ಭಾನುವಾರ ಸೇರಿಸಿ ಆಟ, ಅಕ್ಷರ, ಧರ್ಮೋಪದೇಶ ಎಲ್ಲ ನಡೆಸಿದರು. ಗಲಾಟೆ ಎಂದು ಜನ ಇವರನ್ನು ಒಂದೊಂದು ಕಡೆಯಿಂದಲೂ ಓಡಿಸಿದರು. 1846ರಲ್ಲಿ ಟ್ಯೂರಿನ್‌ನದೇ ವಾಲ್ಡೊಕ್ಕೊ ಎಂಬಲ್ಲಿ ಒಂದು ಶೆಡ್ ಸಿಕ್ಕಿತು. ತಾಯಿ ಮಾರ್ಗರೀಟಾ ಊರು ಬಿಟ್ಟು ಬಂದು ಆ ಹುಡುಗರಿಗೆ ಅಡುಗೆ ಮಾಡಿದರು, ಬಟ್ಟೆ ಹೊಲಿದರು.

ನನಗೆ ದೊಡ್ಡದಾಗಿ ಕಾಣುವುದು ಇದರ ಮುಂದಿನ ಹೆಜ್ಜೆ. ಭಾನುವಾರ ಎಷ್ಟೇ ಉಪದೇಶ ಮಾಡಿದರೂ ಸೋಮವಾರ ಮಾಲೀಕನ ಏಟು ತಪ್ಪುವುದಿಲ್ಲ, ಅಲ್ವಾ? 1852ರ ಒಂದು ಕರಾರುಪತ್ರ ಇಂದಿಗೂ ಉಳಿದಿದೆ. ಛಾಪಾ ಕಾಗದದ ಮೇಲೆ ಬಡಗಿ ಮೇಸ್ತ್ರಿ, ಕೆಲಸ ಕಲಿಯುವ ಹುಡುಗ, ಬೋಸ್ಕೊ ಸಹಿ ಹಾಕಿದ್ದಾರೆ. ತಪ್ಪು ಮಾಡಿದರೆ ಬಾಯಲ್ಲಿ ತಿದ್ದಬೇಕು, ಕೈ ಎತ್ತಬಾರದು. ಕಸುಬು ಬಿಟ್ಟು ಬೇರೆ ಚಾಕರಿ ಹೇಳಬಾರದು. ಹಬ್ಬದ ದಿನ ರಜೆ. ಕೂಲಿ ಹಂತಹಂತವಾಗಿ ಏರಬೇಕು. ಇಂಥ ಕರಾರು ಅವರೇ ಮೊದಲು ಮಾಡಿದ್ದೇನಲ್ಲ. ಬೋಸ್ಕೊ ಕ್ರಾಂತಿಕಾರಿಯೂ ಅಲ್ಲ, ಪೋಪ್ ಪಕ್ಷದ ಪಕ್ಕಾ ಸಂಪ್ರದಾಯಸ್ಥ. ಆದರೂ ಬಡ ಹುಡುಗನ ಪರವಾಗಿ ಮಾಲೀಕನ ಎದುರು ಕೂತು ಷರತ್ತು ಬರೆಸಿದರು.

1853ರಿಂದ ತಮ್ಮಲ್ಲೇ ಚಪ್ಪಲಿ, ಹೊಲಿಗೆ, ಆಮೇಲೆ ಬೈಂಡಿಂಗ್, ಬಡಗಿ, ಮುದ್ರಣದ ಕೆಲಸ ಕಲಿಸತೊಡಗಿದರು.

ತಮಾಷೆ ಎಂದರೆ, ಈ ಕೆಲಸ ನಿಮ್ಮ ನಂತರವೂ ಉಳಿಯಲು ಒಂದು ಸಂಘ ಕಟ್ಟಿ ಎಂದು ಬೋಸ್ಕೊಗೆ ಸಲಹೆ ಕೊಟ್ಟವರು ಅಲ್ಲಿನ ಸರ್ಕಾರದ ಮಂತ್ರಿ ರತ್ತಾಜ್ಜಿ. 1855ರಲ್ಲಿ ಮಠಗಳನ್ನು ಮುಚ್ಚಿಸುವ ಕಾನೂನು ತಂದವರೂ ಅವರೇ! 1859ರಲ್ಲಿ ಬೋಸ್ಕೊ ಕಟ್ಟಿದ ಸಲೇಶಿಯನ್ ಸಂಘ ಹುಟ್ಟಿತು. ಬೋಸ್ಕೊ 1888ರಲ್ಲಿ ತೀರಿಕೊಂಡರು, 1934ರಲ್ಲಿ ಸಂತ ಪದವಿ ಬಂತು. ಸಲೇಶಿಯನ್ನರು 1906ರಲ್ಲಿ ತಂಜಾವೂರಿಗೆ ಬಂದರು. ಬೆಂಗಳೂರಿನ ಬೀದಿ ಮಕ್ಕಳಿಗಾಗಿ ಅವರ ‘ಓಣಿಯವರ ಸೇವಾ ಕೂಟ’ 1980ರಲ್ಲಿ ಶುರುವಾಯಿತು.