ರಿಪೋರ್ಟ್ ನಾರ್ಮಲ್, ಪಾದ ಮಾತ್ರ ಉರಿ: ಸಣ್ಣ ನರತಂತುಗಳ ಪರೀಕ್ಷೆ, ಚರ್ಮ ಕತ್ತರಿಸದೆ

ಪಾದ ಉರಿಯುತ್ತದೆ, ರಾತ್ರಿ ಹೊದಿಕೆ ತಾಗಿದರೂ ತಡೆಯೋಕಾಗಲ್ಲ ಅಂತ ರೋಗಿ ಹೇಳುತ್ತಾರೆ. ನರ್ವ್ ಕಂಡಕ್ಷನ್ ಟೆಸ್ಟ್ (ನರದಲ್ಲಿ ಸಂಕೇತ ಹೇಗೆ ಹರಿಯುತ್ತದೆ ಅಂತ ಅಳೆಯುವುದು) ಮಾಡಿದರೆ ಎಲ್ಲವೂ ನಾರ್ಮಲ್. ರೋಗಿ ಸುಳ್ಳು ಹೇಳುತ್ತಿಲ್ಲ, ಮೆಷಿನ್ನೂ ಕೆಟ್ಟಿಲ್ಲ. ಆ ಟೆಸ್ಟ್ ಅಳೆಯುವುದು ದಪ್ಪ ನರತಂತುಗಳನ್ನು ಮಾತ್ರ. ಸಣ್ಣ ಎಳೆಗಳ ಸಂಕೇತ ಅದರಲ್ಲಿ ಕಾಣುವುದೇ ಇಲ್ಲ.

ಸಣ್ಣ ಎಳೆಗಳಲ್ಲಿ ಎರಡು ಬಗೆ. ಎ-ಡೆಲ್ಟಾಗೆ ಮೈಲಿನ್ ಅನ್ನುವ ಕೊಬ್ಬಿನ ಪದರದ ತೆಳ್ಳನೆಯ ಹೊದಿಕೆ ಇದೆ. ತಣ್ಣನೆಯ ಅನುಭವ, ಚುಚ್ಚಿದ ನೋವು ಇದರಲ್ಲಿ ಹೋಗುತ್ತವೆ. ಸಿ ತಂತುಗೆ ಮೈಲಿನ್ ಇಲ್ಲ. ಬೆಚ್ಚಗಿನ ಅನುಭವ, ಉರಿನೋವು, ಬೆವರು ಇದರ ಪಾಲು. ಇದರ ವೇಗ ಸೆಕೆಂಡಿಗೆ ಸುಮಾರು 1 ಮೀಟರ್ ಅಷ್ಟೇ. ಈ ಅಂಕಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಸಣ್ಣ ಎಳೆಗಳು ಹಾಳಾಗಿವೆಯಾ ಅಂತ ಖಚಿತ ಮಾಡಿಕೊಳ್ಳಲು ಸಾಮಾನ್ಯವಾಗಿ ಸ್ಕಿನ್ ಬಯಾಪ್ಸಿ ಮಾಡುತ್ತಾರೆ. ಪಾದದ ಗಿಣ್ಣಿನಿಂದ 10 ಸೆಂ.ಮೀ. ಮೇಲೆ 3 ಮಿ.ಮೀ. ಅಗಲದ ಚರ್ಮ ತೆಗೆದು ಎಳೆಗಳನ್ನು ಎಣಿಸುವುದು. ಆದರೆ ಎಣಿಕೆಯಿಂದ ಎಳೆ ಉಳಿದಿದೆಯಾ ಅಂತ ಗೊತ್ತಾಗುತ್ತದೆ, ಕೆಲಸ ಮಾಡುತ್ತಿದೆಯಾ ಅಂತ ಅಲ್ಲ. ಕತ್ತರಿಸದೆ ಮಾಡುವ ಪರೀಕ್ಷೆಗಳನ್ನು ಓದುವಾಗ ನಾನು ಎರಡೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದು ಯಾವ ಎಳೆಯನ್ನು ಮುಟ್ಟುತ್ತದೆ? ಉತ್ತರ ಕೊಡುವುದು ರೋಗಿಯಾ, ಮೆಷಿನ್ನಾ?

ಬಿಸಿ-ತಂಪಿನ ಪರೀಕ್ಷೆಯಲ್ಲಿ ಉತ್ತರ ಕೊಡುವುದು ರೋಗಿಯೇ. ಇದಕ್ಕೆ ಕ್ವಾಂಟಿಟೇಟಿವ್ ಸೆನ್ಸರಿ ಟೆಸ್ಟಿಂಗ್ ಅಂತ ಹೆಸರು. ಚರ್ಮದ ಮೇಲೊಂದು ಪುಟ್ಟ ಲೋಹದ ತುಂಡು ಇಟ್ಟು 32 ಡಿಗ್ರಿ ಸೆಲ್ಸಿಯಸ್‌ನಿಂದ ಶುರು ಮಾಡುತ್ತಾರೆ. ಸೆಕೆಂಡಿಗೆ 1 ಡಿಗ್ರಿಯಂತೆ ಬಿಸಿ ಏರುತ್ತದೆ. ಬೆಚ್ಚಗಾಯಿತು ಅನ್ನಿಸಿದ ಕೂಡಲೇ ರೋಗಿ ಬಟನ್ ಒತ್ತಬೇಕು. ಆಮೇಲೆ ಹಾಗೆಯೇ ತಂಪು. ಸುಡದಿರಲಿ ಅಂತ 50 ಡಿಗ್ರಿಗೆ ನಿಲ್ಲಿಸುತ್ತಾರೆ. ನಾನು ಒಮ್ಮೆ ಕೂತು ನೋಡಿದೆ. ಮೊದಲ ಸಲ ‘ಇದು ಬೆಚ್ಚಗಾ, ಅಥವಾ ನನ್ನ ಭ್ರಮೆನಾ’ ಅಂತ ಯೋಚಿಸುತ್ತಲೇ ತಡವಾಗಿ ಒತ್ತಿದೆ.

ಆ 1 ಮೀಟರ್ ಲೆಕ್ಕ ಈಗ ಬಂತು. ಪಾದದಿಂದ ಬೆನ್ನುಹುರಿಗೆ ಹತ್ತಿರ ಹತ್ತಿರ 1 ಮೀಟರ್ ದೂರ ಅಂದುಕೊಳ್ಳಿ. ಸಿ ತಂತುವಿನ ಸುದ್ದಿ ಅಲ್ಲಿಗೆ ಮುಟ್ಟಲು ಒಂದು ಸೆಕೆಂಡ್ ಬೇಕು. ಅಷ್ಟರಲ್ಲಿ ಬಿಸಿ ಇನ್ನೂ 1 ಡಿಗ್ರಿ ಏರಿರುತ್ತದೆ! ಅಂದರೆ ನರ ಚೆನ್ನಾಗಿದ್ದರೂ ಪಾದದ ಅಂಕಿ ಕೈಗಿಂತ ಜಾಸ್ತಿಯೇ ಬರುತ್ತದೆ. ಅದಕ್ಕೇ ಅದೇ ಜಾಗದ, ಅದೇ ವಯಸ್ಸಿನವರ ಅಂಕಿಗಳ ಜೊತೆ ಹೋಲಿಸಬೇಕು. ಸುಮ್ನೆ ಒಂದು ಸಂಖ್ಯೆ ನೋಡಿ ತೀರ್ಮಾನ ಮಾಡುವಂತಿಲ್ಲ.

ಬೆವರಿನ ಪರೀಕ್ಷೆಗಳಲ್ಲಿ ರೋಗಿಯ ಅಭಿಪ್ರಾಯ ಬೇಕಿಲ್ಲ. ಕ್ಯೂಸಾರ್ಟ್ (QSART) ಅನ್ನುವ ಪರೀಕ್ಷೆಯಲ್ಲಿ ಸಣ್ಣ ವಿದ್ಯುತ್ತಿನ ಸಹಾಯದಿಂದ ಅಸಿಟೈಲ್‌ಕೋಲಿನ್ ಅನ್ನುವ, ನರಸಂಕೇತ ಸಾಗಿಸುವ ರಾಸಾಯನಿಕವನ್ನು ಚರ್ಮದೊಳಕ್ಕೆ ತಳ್ಳುತ್ತಾರೆ. ಸಂಕೇತ ಎಳೆಯ ಒಂದು ಕವಲಿನಲ್ಲಿ ಹಿಂದಕ್ಕೆ ಹತ್ತಿ, ಇನ್ನೊಂದು ಕವಲಿನಲ್ಲಿ ಇಳಿದು ಪಕ್ಕದ ಬೆವರು ಗ್ರಂಥಿಯನ್ನು ಎಬ್ಬಿಸುತ್ತದೆ. ಅಳೆಯುವುದು ಆ ಪಕ್ಕದ ಬೆವರನ್ನು. ಅಲರ್ಜಿ ಮಾತ್ರೆಯಂಥ ಕೆಲವು ಔಷಧಿಗಳು ಬೆವರು ತಗ್ಗಿಸುತ್ತವೆ. ಅವನ್ನು ಮೊದಲೇ ಕೇಳಿಕೊಳ್ಳದಿದ್ದರೆ ಫಲಿತಾಂಶ ಹಾಳು. ಸುಡೋಸ್ಕ್ಯಾನ್ ಇನ್ನೂ ಸುಲಭ: ಲೋಹದ ಪ್ಲೇಟ್‌ಗಳ ಮೇಲೆ ಅಂಗೈ, ಅಂಗಾಲು ಇಟ್ಟು ಎರಡು-ಮೂರು ನಿಮಿಷ ನಿಂತರೆ ಆಯಿತು. ನನಗೆ ಇಷ್ಟವಾದದ್ದು ನ್ಯೂರೋಪ್ಯಾಡ್. ಅಂಗಾಲಿಗೆ ಅಂಟಿಸುವ ನೀಲಿ ಪಟ್ಟಿ. ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇದೆ. ಬೆವರು ತಾಗಿದರೆ 10 ನಿಮಿಷದಲ್ಲಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಲ್ಲಲ್ಲಿ ನೀಲಿ ಉಳಿದರೆ ಮುಂದೆ ವಿಚಾರಿಸಬೇಕು.

ಎಳೆಯನ್ನು ಕಣ್ಣಾರೆ ನೋಡಬೇಕಾದರೆ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪದರ ನೋಡಬೇಕು. ಪಾದದ ತೊಂದರೆಗೆ ಕಣ್ಣು ಯಾಕೆ ಅಂತ ಅನ್ನಿಸುತ್ತದೆ, ಅಲ್ವಾ? ಕಾರ್ನಿಯಾ ಪಾರದರ್ಶಕ, ಅದರ ತುಂಬ ಸಣ್ಣ ಎಳೆಗಳು. ಮಧುಮೇಹದಲ್ಲಿ ಅಲ್ಲಿಯೂ ಎಳೆಗಳು ಕಡಿಮೆಯಾಗುತ್ತವೆ. ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ಜೆಲ್ ಹಚ್ಚಿ, ಕಾನ್‌ಫೋಕಲ್ ಮೈಕ್ರೋಸ್ಕೋಪ್ ತಾಗಿಸುತ್ತಾರೆ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ದಾರಗಳ ಹಾಗೆ ನರಗಳು ಕಾಣುತ್ತವೆ. ಅವುಗಳ ಉದ್ದ, ಸಾಂದ್ರತೆ, ಕವಲು ಲೆಕ್ಕ ಹಾಕುತ್ತಾರೆ. ಆದರೆ ಲೇಸಿಕ್ ಆಪರೇಷನ್ ಆದ ಕಣ್ಣಲ್ಲಿ ನರಗಳು ಮೊದಲೇ ಕತ್ತರಿಸಿರುತ್ತವೆ.

ಲೇಸರ್ ಅಥವಾ ಬಿಸಿ ಕೊಟ್ಟು ನೆತ್ತಿಯ ಮೇಲಿನ ಎಲೆಕ್ಟ್ರೋಡ್‌ನಲ್ಲಿ ಮಿದುಳಿನ ಅಲೆ ಹಿಡಿಯುವ ವಿಧಾನವೂ ಇದೆ. ಉಪಕರಣ ಎಲ್ಲ ಕಡೆ ಸಿಗುವುದಿಲ್ಲ, ಇಷ್ಟು ತಿಳಿದರೆ ಸದ್ಯಕ್ಕೆ ಸಾಕು.

ಯಾವುದಾದರೂ ಒಂದೇ ಪರೀಕ್ಷೆ ಸಾಕೇ? ಸಾಲದು. ಸಣ್ಣ ಎಳೆಗಳ ಕಾಯಿಲೆ ಗುರುತಿಸಲು ಇಟಲಿಯ ಮಿಲಾನ್‌ನ ಬೆಸ್ಟಾ ನರರೋಗ ಸಂಸ್ಥೆಯವರು 2008ರಲ್ಲಿ ಕೊಟ್ಟ ಮಾನದಂಡದಲ್ಲಿ ಮೂರು ಅಂಶಗಳಿವೆ: ಡಾಕ್ಟರ್ ಕಂಡ ಲಕ್ಷಣ, ಬಿಸಿ-ತಂಪಿನ ಪರೀಕ್ಷೆ, ಬಯಾಪ್ಸಿ. ಇವುಗಳಲ್ಲಿ ಎರಡರಲ್ಲಾದರೂ ತೊಂದರೆ ಕಂಡಿರಬೇಕು.

ಫಲಿತಾಂಶ ಓದುವಾಗ ನಾವು ಎಡವುವುದು ಇಲ್ಲಿ. ಬಿಸಿ-ತಂಪಿನ ಪರೀಕ್ಷೆ ಕೆಟ್ಟು ಬಂದರೆ ತಪ್ಪು ಪಾದದ ನರದಲ್ಲೇ ಇರಬೇಕು ಅಂತಿಲ್ಲ. ಬೆನ್ನುಹುರಿ, ಮಿದುಳು ಹಾಳಾಗಿದ್ದರೂ ಅದೇ ಫಲಿತಾಂಶ. ಕ್ಯೂಸಾರ್ಟ್ ಹಾಗಲ್ಲ. ಆ ಸಂಕೇತ ಚರ್ಮದಲ್ಲೇ ಸುತ್ತಿ ವಾಪಸ್ ಬರುತ್ತದೆ, ಬೆನ್ನುಹುರಿವರೆಗೆ ಹೋಗುವುದೇ ಇಲ್ಲ.